ಓದುಗರ ಪ್ರಶ್ನೆ: ಸರ್ಕಾರದ ಖರ್ಚು ಇಳಿಸಿದರೆ ಸೇವೆ ಉಳಿದೀತೇ?

ಸರ್ಕಾರಗಳ ಸಾಲ ಮತ್ತು ಬಡ್ಡಿಯ ಹೊರೆಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಉತ್ತರವನ್ನು ಓದಿ ಅನೇಕರು ಪತ್ರ ಬರೆದಿದ್ದಾರೆ. ಖರ್ಚು ಕಡಿಮೆಯಾಗಬೇಕೆಂಬುದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಆದರೆ ಆಸ್ಪತ್ರೆ, ಶಾಲೆ, ಕುಡಿಯುವ ನೀರು, ರಸ್ತೆಗಳಂಥ ಸೇವೆಗಳು ಕುಸಿಯದಂತೆ ಅದನ್ನು ಸಾಧಿಸುವುದು ಹೇಗೆ ಎಂಬ ಆತಂಕವೂ ಆ ಪತ್ರಗಳಲ್ಲಿದೆ. ಆಯ್ದ ಕೆಲವು ಪ್ರಶ್ನೆಗಳಿಗೆ ಈ ಬಾರಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಜನರಿಗೆ ಸಿಗುವ ಸೇವೆಗೆ ಧಕ್ಕೆ ತಾರದೆ ಸರ್ಕಾರವೊಂದು ದೊಡ್ಡ ಪ್ರಮಾಣದಲ್ಲಿ ಖರ್ಚು ಇಳಿಸಿದ ನಿದರ್ಶನ ಎಲ್ಲಾದರೂ ಇದೆಯೇ? ಅಥವಾ ಇದು ಚುನಾವಣೆಯ ಹೊತ್ತಿನಲ್ಲಿ ಮಾತ್ರ ಕೇಳಿಬರುವ ಆಶ್ವಾಸನೆಯೇ?
— ಅರ್ಥಶಾಸ್ತ್ರದ ವಿದ್ಯಾರ್ಥಿನಿ

ಉತ್ತರ: ನಿದರ್ಶನವಿದೆ, ಆದರೆ ಅದನ್ನು ಪೂರ್ತಿಯಾಗಿ ಓದಬೇಕು. ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖವಾಗುವುದು 1990ರ ದಶಕದ ಕೆನಡಾ. 1993-94ರಲ್ಲಿ ಅಲ್ಲಿನ ಒಕ್ಕೂಟ ಸರ್ಕಾರದ ಕೊರತೆ, ಅಂದರೆ ಆದಾಯವನ್ನು ಮೀರಿದ ಖರ್ಚು, ಆಗಿನ ಲೆಕ್ಕದಂತೆ ಸುಮಾರು 4,200 ಕೋಟಿ ಕೆನಡಾ ಡಾಲರ್ ತಲುಪಿತ್ತು. ಬಂದ ಆದಾಯದಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಹಳೆಯ ಸಾಲದ ಬಡ್ಡಿಗೇ ಹೋಗುತ್ತಿತ್ತು. ಪ್ರಧಾನಿ ಜಾನ್ ಕ್ರೆಟಿಯೆನ್ ಮತ್ತು ಹಣಕಾಸು ಸಚಿವ ಪಾಲ್ ಮಾರ್ಟಿನ್ ಅವರ ಸರ್ಕಾರವು ಪ್ರತಿಯೊಂದು ಇಲಾಖೆಯ ಪ್ರತಿಯೊಂದು ಕಾರ್ಯಕ್ರಮವನ್ನೂ ಮೇಜಿನ ಮೇಲಿಟ್ಟು ಪರಿಶೀಲಿಸಿತು. ಎಷ್ಟು ಕತ್ತರಿಸಬೇಕು ಎಂಬುದು ಅಲ್ಲಿ ಮೊದಲ ಪ್ರಶ್ನೆಯಾಗಿರಲಿಲ್ಲ. ಈ ಕೆಲಸದಿಂದ ಸಾರ್ವಜನಿಕ ಹಿತ ಸಾಧನೆಯಾಗುತ್ತಿದೆಯೇ, ಇದನ್ನು ಸರ್ಕಾರವೇ ಮಾಡಬೇಕೇ, ಒಕ್ಕೂಟ ಸರ್ಕಾರದ ಬದಲು ಪ್ರಾಂತಗಳು ಮಾಡಬಹುದೇ, ಖಾಸಗಿಯವರ ಅಥವಾ ಸ್ವಯಂಸೇವಾ ಸಂಸ್ಥೆಗಳ ಪಾಲುದಾರಿಕೆ ಸಾಧ್ಯವೇ, ಇನ್ನೂ ದಕ್ಷವಾಗಿ ಮಾಡುವ ದಾರಿಯಿದೆಯೇ ಎಂದು ಕೇಳಿ, ಇವೆಲ್ಲ ಮುಗಿದ ಮೇಲೆ ಇದು ನಮ್ಮ ಕೈಗೆಟಕುತ್ತದೆಯೇ ಎಂದು ಕೇಳಲಾಯಿತು. ಹಾಗಾಗಿ ಕಡಿತ ಎಲ್ಲೆಡೆ ಒಂದೇ ಸಮನಾಗಿ ಬೀಳಲಿಲ್ಲ. ಸಾರಿಗೆ ಇಲಾಖೆಯ ವೆಚ್ಚ ಸುಮಾರು ಅರ್ಧಕ್ಕೆ ಇಳಿದರೆ, ಮೂಲನಿವಾಸಿಗಳಿಗೆ ಸಂಬಂಧಿಸಿದ ಇಲಾಖೆಯ ವೆಚ್ಚವನ್ನು ಏರಿಸಲಾಯಿತು.

ಸಾರಿಗೆ ಇಲಾಖೆಯಲ್ಲಿ ಆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವಿಮಾನಗಳ ಹಾರಾಟವನ್ನು ನಿಯಂತ್ರಿಸುವ ಕೆಲಸವನ್ನು ಆ ಇಲಾಖೆಯೇ ತೆರಿಗೆದಾರರ ಹಣದ ಬೆಂಬಲದೊಂದಿಗೆ ನಡೆಸುತ್ತಿತ್ತು. 1996ರಲ್ಲಿ ಆ ಇಡೀ ವ್ಯವಸ್ಥೆಯನ್ನು 150 ಕೋಟಿ ಕೆನಡಾ ಡಾಲರ್‌ಗೆ ನ್ಯಾವ್ ಕೆನಡಾ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆಗೆ ವಹಿಸಲಾಯಿತು. ಅಂದಿನಿಂದ ಅದರ ಖರ್ಚನ್ನು ವಿಮಾನಯಾನ ಸಂಸ್ಥೆಗಳು ಕೊಡುವ ಶುಲ್ಕ ಭರಿಸುತ್ತಿದೆ. ವಿಮಾನ ಹತ್ತದವರ ಮೇಲಿದ್ದ ಭಾರ ಇಳಿಯಿತು, ಆಕಾಶದಲ್ಲಿನ ಕಾವಲು ನಿಲ್ಲಲಿಲ್ಲ, ಸುರಕ್ಷತೆಯ ನಿಯಮಗಳನ್ನು ರೂಪಿಸಿ ಮೇಲ್ವಿಚಾರಣೆ ನಡೆಸುವ ಅಧಿಕಾರ ಸರ್ಕಾರದ ಬಳಿಯೇ ಉಳಿಯಿತು. ಇದು ಸೇವೆಗೆ ಧಕ್ಕೆಯಾಗದ ಕಡಿತ ಎಂದು ನಿಸ್ಸಂಕೋಚವಾಗಿ ಹೇಳಬಹುದು. 1997-98ರ ಹೊತ್ತಿಗೆ ಸರ್ಕಾರದ ಕೊರತೆ ಪೂರ್ತಿ ನೀಗಿತ್ತು.

ಆದರೆ ಇದೇ ಕೆನಡಾದ ಇನ್ನೊಂದು ಮುಖವನ್ನು ಹೊಗಳಿಕೆಯ ಬರಹಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಆರೋಗ್ಯ, ಉನ್ನತ ಶಿಕ್ಷಣ ಮತ್ತು ಸಮಾಜ ಕಲ್ಯಾಣಕ್ಕಾಗಿ ಪ್ರಾಂತಗಳಿಗೆ ಕೊಡುತ್ತಿದ್ದ ಅನುದಾನವನ್ನೂ ಒಕ್ಕೂಟ ಸರ್ಕಾರ ಗಣನೀಯವಾಗಿ ಇಳಿಸಿತು. ಅದರ ಲೆಕ್ಕಪತ್ರದಲ್ಲಿ ಅದು ಉಳಿತಾಯವಾಗಿ ಕಂಡಿತು, ಪ್ರಾಂತಗಳಲ್ಲಿ ಆಸ್ಪತ್ರೆಯ ಹಾಸಿಗೆಗಳು ಕಡಿಮೆಯಾದವು, ಚಿಕಿತ್ಸೆಗೆ ಕಾಯುವ ಪಟ್ಟಿ ಬೆಳೆದು ದೊಡ್ಡ ರಾಜಕೀಯ ವಿವಾದವಾಯಿತು. ಕೊನೆಗೆ 2004ರಲ್ಲಿ ಅದೇ ಪಾಲ್ ಮಾರ್ಟಿನ್, ಈಗ ಪ್ರಧಾನಿಯಾಗಿ, 10 ವರ್ಷಗಳ ಅವಧಿಗೆ ಸುಮಾರು 4,100 ಕೋಟಿ ಡಾಲರ್ ಹೆಚ್ಚುವರಿ ಹಣವನ್ನು ಆರೋಗ್ಯ ಸೇವೆಗೆ ಕೊಡುವ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಬಡ್ಡಿದರ ಇಳಿದದ್ದು, ನೆರೆಯ ಅಮೆರಿಕದ ಆರ್ಥಿಕತೆ ಚುರುಕಾಗಿದ್ದು ರಫ್ತು ಹೆಚ್ಚಿದ್ದು ಕೂಡ ಕೆನಡಾದ ಕೈಹಿಡಿದವು ಎಂಬುದನ್ನು ಮರೆಯಬಾರದು.

ಒಂದೇ ದೇಶದ, ಒಂದೇ ಕಾಲದ ಈ ಎರಡು ಕಡಿತಗಳಲ್ಲಿ ನಿಮ್ಮ ಪ್ರಶ್ನೆಗೆ ಉತ್ತರವಿದೆ ಎಂದು ನನಗನ್ನಿಸುತ್ತದೆ. ಮೊದಲನೆಯದರಲ್ಲಿ ಸರ್ಕಾರ ಒಂದು ಕೆಲಸವನ್ನು ಯಾರು ಮಾಡಬೇಕು, ಯಾರು ಅದಕ್ಕೆ ಹಣ ಕೊಡಬೇಕು ಎಂಬುದನ್ನು ಬಹಿರಂಗವಾಗಿ ತೀರ್ಮಾನಿಸಿತು. ಎರಡನೆಯದರಲ್ಲಿ ಕೆಲಸ ಇದ್ದಷ್ಟೇ ಇತ್ತು, ರೋಗಿಗಳು ಇದ್ದಷ್ಟೇ ಇದ್ದರು, ಹಣ ಮಾತ್ರ ಹೋಯಿತು. ಕೆಲಸವನ್ನು ಇಳಿಸದೆ ಅಥವಾ ಅದನ್ನು ಮಾಡುವ ಬಗೆಯನ್ನು ಬದಲಿಸದೆ ಹಣವನ್ನಷ್ಟೇ ಇಳಿಸಿದರೆ ಖರ್ಚು ಮಾಯವಾಗುವುದಿಲ್ಲ. ಅದು ಇನ್ನೊಂದು ಸರ್ಕಾರದ ಲೆಕ್ಕಕ್ಕೋ, ನಾಗರಿಕನ ಜೇಬಿಗೋ, ಅವನ ಸಮಯಕ್ಕೋ, ಮುಂದಿನ ಪೀಳಿಗೆಗೋ ವರ್ಗವಾಗುತ್ತದೆ. ಯಾವುದೇ ಕಡಿತದ ಮುಂದೆ ನಾನು ಇಡುವ ಪ್ರಶ್ನೆ ಇದೊಂದೇ: ಈ ಖರ್ಚು ನಿಜವಾಗಿ ನಿಂತಿತೇ, ಅಥವಾ ಸ್ಥಳ ಬದಲಿಸಿತೇ?

ಪ್ರಶ್ನೆ: ಯಾವ ಇಲಾಖೆಗೂ ಪಕ್ಷಪಾತವಾಗದಂತೆ ಎಲ್ಲರಿಗೂ ಶೇ. 10ರಷ್ಟು ಕಡಿತ ಎಂದರೆ ಅದಕ್ಕಿಂತ ನ್ಯಾಯವಾದ ಕ್ರಮ ಯಾವುದಿದೆ?
— ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವ್ಯವಸ್ಥಾಪಕರು

ಉತ್ತರ: ನೋಡಲು ನ್ಯಾಯವಾಗಿ ಕಾಣುವ ಈ ಕ್ರಮ ಪ್ರಾಮಾಣಿಕವಾಗಿ ಕೆಲಸ ಮಾಡಿದವರಿಗೇ ಹೆಚ್ಚು ಅನ್ಯಾಯ ಮಾಡುತ್ತದೆ. ಈಗಾಗಲೇ ಮಿತವ್ಯಯದಿಂದ ನಡೆಯುತ್ತಿರುವ ಇಲಾಖೆಯಲ್ಲಿ ಕತ್ತರಿಸಲು ಸೇವೆಯ ಹೊರತು ಬೇರೇನೂ ಉಳಿದಿರುವುದಿಲ್ಲ. ದುಂದುವೆಚ್ಚ ಮಾಡುತ್ತಿದ್ದ ಇಲಾಖೆಗೆ ಅದೇ ಶೇ. 10 ತಗುಲುವುದೇ ಇಲ್ಲ. ಮುಂದಿನ ವರ್ಷಕ್ಕೆ ಎರಡೂ ಪಾಠ ಕಲಿಯುತ್ತವೆ. ಕಡಿತ ಬಂದಾಗ ಬಿಟ್ಟುಕೊಡಲು ಸ್ವಲ್ಪ ಕೊಬ್ಬು ಇಟ್ಟುಕೊಂಡಿರಬೇಕು ಎಂಬುದೇ ಆ ಪಾಠ.

ಇನ್ನೊಂದು ತೊಡಕು ಇದಕ್ಕಿಂತ ಗಂಭೀರವಾದದ್ದು. ಸಂಬಳ, ಪಿಂಚಣಿ, ಬಡ್ಡಿ ಇವುಗಳನ್ನು ಯಾವ ಇಲಾಖೆಯೂ ಒಂದೇ ವರ್ಷದಲ್ಲಿ ಇಳಿಸಲಾಗದು. ಆದ್ದರಿಂದ ಒಟ್ಟು ಅನುದಾನದ ಶೇ. 10ನ್ನು ಹೊಂದಿಸಲು ಕೈಗೆ ಸಿಗುವ ಬಾಬ್ತುಗಳು ಎರಡೇ: ದುರಸ್ತಿ ಮತ್ತು ಸಾಮಗ್ರಿ. ಶಾಲೆಯ ಶಿಕ್ಷಕರು ಇರುತ್ತಾರೆ, ಪ್ರಯೋಗಾಲಯಕ್ಕೆ ರಾಸಾಯನಿಕ ಬರುವುದಿಲ್ಲ. ಎಂಜಿನಿಯರರು ಇರುತ್ತಾರೆ, ರಸ್ತೆಗೆ ಡಾಂಬರು ಇರುವುದಿಲ್ಲ. ಸಂಬಳ ಪೂರ್ತಿ ಕೊಟ್ಟು ಕೆಲಸ ಅರ್ಧ ಪಡೆಯುವ ಈ ಸ್ಥಿತಿಯೇ ಎಲ್ಲಕ್ಕಿಂತ ದುಬಾರಿ ಆಡಳಿತ.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಸ್ವೀಡನ್ 1990ರ ದಶಕದ ಆರಂಭದಲ್ಲಿ ಬ್ಯಾಂಕಿಂಗ್ ಬಿಕ್ಕಟ್ಟಿಗೆ ಸಿಲುಕಿ, 1993ರಲ್ಲಿ ಅದರ ಕೊರತೆ ಜಿಡಿಪಿಯ, ಅಂದರೆ ದೇಶದ ವರ್ಷದ ಒಟ್ಟು ಉತ್ಪಾದನೆಯ, ಶೇ. 11ನ್ನೂ ಮೀರಿತ್ತು. ಆ ದೇಶ ಸುಧಾರಿಸಿಕೊಂಡದ್ದು ಒಂದು ಬಾರಿಯ ಕೊಡಲಿ ಏಟಿನಿಂದಲ್ಲ. 1997ರಿಂದ ಸಂಸತ್ತು ಮುಂದಿನ ವರ್ಷಗಳ ಒಟ್ಟು ವೆಚ್ಚಕ್ಕೆ ಮೊದಲೇ ಮಿತಿ ಹಾಕಿ, ಆ ಮಿತಿಯೊಳಗೆ ಯಾವುದು ಮುಖ್ಯ ಎಂಬುದನ್ನು ಚರ್ಚಿಸುವ ಪದ್ಧತಿಯನ್ನು ತಂದಿತು. ಹೊಸದೊಂದನ್ನು ಸೇರಿಸಬೇಕೆಂದರೆ ಹಳೆಯದೊಂದನ್ನು ಕೈಬಿಡುವ ಜವಾಬ್ದಾರಿಯನ್ನೂ ಹೊರಬೇಕಾಗುತ್ತದೆ. ಸಮಾನ ಕಡಿತ ಆ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವ ದಾರಿ, ಅದಕ್ಕಾಗಿಯೇ ಅದು ಜನಪ್ರಿಯ.

ಪ್ರಶ್ನೆ: ಭ್ರಷ್ಟಾಚಾರವನ್ನು ನಿಲ್ಲಿಸಿದರೆ ಸಾಕಲ್ಲವೇ? ಸೇವೆಯನ್ನು ಮುಟ್ಟುವ ಅಗತ್ಯವೇ ಬರಲಾರದು.
— ನಿವೃತ್ತ ಶಿಕ್ಷಕರು

ಉತ್ತರ: ಭ್ರಷ್ಟಾಚಾರ ನಿಲ್ಲಲೇಬೇಕು, ಅದಕ್ಕೆ ಉಳಿತಾಯದ ಕಾರಣವನ್ನು ಕೊಡುವ ಅಗತ್ಯವೂ ಇಲ್ಲ. ಆದರೆ ಸೋರಿಕೆಯೆಲ್ಲ ಕಳ್ಳತನವೇ ಎಂಬ ನಂಬಿಕೆ ನಮ್ಮನ್ನು ದಾರಿತಪ್ಪಿಸಬಹುದು. ಇಟಲಿಯ ಸಾರ್ವಜನಿಕ ಸಂಸ್ಥೆಗಳು ಕಂಪ್ಯೂಟರ್, ಕಾಗದ ಮುಂತಾದ ಸಾಮಾನ್ಯ ವಸ್ತುಗಳಿಗೆ ತೆತ್ತ ಬೆಲೆಯನ್ನು ಹೋಲಿಸಿ ಮೂವರು ಅರ್ಥಶಾಸ್ತ್ರಜ್ಞರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಗುಣಮಟ್ಟದ ವಸ್ತುವಿಗೆ ಕೆಲವು ಕಚೇರಿಗಳು ವರ್ಷವರ್ಷವೂ ಬೇರೆಯವಕ್ಕಿಂತ ಹೆಚ್ಚು ಕೊಡುತ್ತಿದ್ದವು. ಆ ನಷ್ಟದಲ್ಲಿ ಅಧಿಕಾರಿಗಳ ಸ್ವಂತ ಲಾಭಕ್ಕಾಗಿ ಆದದ್ದೆಷ್ಟು, ಯಾರಿಗೂ ಲಾಭವಾಗದೆ ಸುಮ್ಮನೆ ಹೋದದ್ದೆಷ್ಟು ಎಂದು ಅವರು ಬೇರ್ಪಡಿಸಿದಾಗ, ಶೇ. 83ರಷ್ಟು ಎರಡನೆಯ ಬಗೆಯದೆಂದು ಅಂದಾಜಾಯಿತು. ಬೆಲೆ ವಿಚಾರಿಸುವ ಕೌಶಲವಿಲ್ಲದಿರುವುದು, ಉಳಿಸಿದರೂ ಕೇಳುವವರಿಲ್ಲದಿರುವುದು, ನಿಯಮಗಳ ತೊಡಕಿನಿಂದಾಗಿ ಹಳೆಯ ದಾರಿಯನ್ನೇ ಹಿಡಿಯುವುದು, ಇವೇ ಅದಕ್ಕೆ ಕಾರಣ.

ಈ ಫಲಿತಾಂಶವನ್ನು ಎಲ್ಲ ದೇಶಗಳಿಗೂ ಹಾಗೆಯೇ ಅನ್ವಯಿಸಲಾಗದು, ಲಂಚದ ಪ್ರಮಾಣ ಎಲ್ಲೆಡೆ ಒಂದೇ ಅಲ್ಲ. ಆದರೂ ಅದರಲ್ಲೊಂದು ಎಚ್ಚರಿಕೆಯಿದೆ. ಕಳ್ಳರನ್ನು ಹಿಡಿಯುವ ಉತ್ಸಾಹದಲ್ಲಿ ಪ್ರತಿ ಖರೀದಿಗೂ ಐದಾರು ಸಹಿ, ಮೂರು ಸಮಿತಿ, ಆರು ತಿಂಗಳ ಕಾಲಾವಕಾಶ ಎಂದು ನಿಯಮ ಮಾಡಿದರೆ ಮೂಗಿಗಿಂತ ಮೂಗುತಿಯೇ ಭಾರವಾಗುತ್ತದೆ. ಪ್ರಾಮಾಣಿಕ ಮಾರಾಟಗಾರರು ಟೆಂಡರಿನ ತಂಟೆಯೇ ಬೇಡವೆಂದು ದೂರ ಉಳಿದು, ನಿಯಮದ ಸಂದುಗೊಂದು ಬಲ್ಲವರು ಮಾತ್ರ ಒಳಗೆ ಬರುತ್ತಾರೆ.

ಇದಕ್ಕಿಂತ ಫಲಕಾರಿಯಾದದ್ದು ಬೆಲೆಗಳನ್ನು ಎಲ್ಲರೂ ಕಾಣುವಂತೆ ಮಾಡುವುದು. ಉಕ್ರೇನ್ 2016ರಲ್ಲಿ ಪ್ರೊಜೊರೊ ಎಂಬ ಆನ್‌ಲೈನ್ ವ್ಯವಸ್ಥೆಯನ್ನು ಸರ್ಕಾರಿ ಖರೀದಿಗಳಿಗೆ ಕಡ್ಡಾಯಗೊಳಿಸಿ, ಯಾವ ಕಚೇರಿ ಯಾವ ವಸ್ತುವನ್ನು ಯಾರಿಂದ ಎಷ್ಟಕ್ಕೆ ಕೊಂಡಿತು ಎಂಬುದನ್ನು ಸಾರ್ವಜನಿಕರೂ ಪತ್ರಕರ್ತರೂ ಹುಡುಕಿ ನೋಡುವಂತೆ ಮಾಡಿತು. ಮುಂದುವರಿದ ದೇಶಗಳಲ್ಲಿ ಸರ್ಕಾರಿ ಖರೀದಿಯ ಮೊತ್ತವೇ ಜಿಡಿಪಿಯ ಶೇ. 12-13ರ ಆಸುಪಾಸಿನಲ್ಲಿರುವುದರಿಂದ, ಬೆಲೆಯಲ್ಲಿ ಸಣ್ಣ ಇಳಿಕೆಯಾದರೂ ಉಳಿಯುವ ಹಣ ದೊಡ್ಡದು. ರೋಗಿಗೆ ಸಿಗುವ ಔಷಧ ಅದೇ, ಮಗುವಿಗೆ ಸಿಗುವ ಪುಸ್ತಕ ಅದೇ, ತೆತ್ತ ಬೆಲೆ ಮಾತ್ರ ಕಡಿಮೆ. ಸೇವೆಗೆ ಧಕ್ಕೆಯಿಲ್ಲದ ಕಡಿತವನ್ನು ಹುಡುಕುವವರು ಮೊದಲು ಕೈಯಿಡಬೇಕಾದ ಜಾಗ ಇದು.

ಪ್ರಶ್ನೆ: ಖಾಲಿ ಹುದ್ದೆಗಳನ್ನು ತುಂಬದೆ ಬಿಟ್ಟರೆ ಯಾರನ್ನೂ ಮನೆಗೆ ಕಳುಹಿಸದೆಯೇ ಸಂಬಳದ ಖರ್ಚು ಇಳಿಯುತ್ತದೆ. ಇದನ್ನು ಏಕೆ ವಿರೋಧಿಸಬೇಕು?
— ಆಡಳಿತದಲ್ಲಿ ಆಸಕ್ತಿಯುಳ್ಳ ಓದುಗರು

ಉತ್ತರ: ಏಕೆಂದರೆ ಯಾವ ಹುದ್ದೆ ಖಾಲಿಯಾಗಬೇಕೆಂದು ಇಲ್ಲಿ ಸರ್ಕಾರ ತೀರ್ಮಾನಿಸುವುದಿಲ್ಲ, ಆಕಸ್ಮಿಕ ತೀರ್ಮಾನಿಸುತ್ತದೆ. ಅನಗತ್ಯ ವಿಭಾಗದಲ್ಲಿರುವ ಕಿರಿಯ ನೌಕರ ಇನ್ನೂ 25 ವರ್ಷ ಅಲ್ಲಿಯೇ ಇರುತ್ತಾನೆ, ಜಿಲ್ಲಾಸ್ಪತ್ರೆಯ ಏಕೈಕ ಅರಿವಳಿಕೆ ತಜ್ಞರು ನಿವೃತ್ತರಾದರೆ ಅವರ ಕುರ್ಚಿ ಹಾಗೆಯೇ ಉಳಿಯುತ್ತದೆ. ಅರಿವಳಿಕೆ ಕೊಡುವವರಿಲ್ಲದಿದ್ದರೆ ಅದೇ ಆಸ್ಪತ್ರೆಯ ಶಸ್ತ್ರಚಿಕಿತ್ಸಕರು, ದಾದಿಯರು, ಶಸ್ತ್ರಚಿಕಿತ್ಸೆಯ ಕೊಠಡಿ ಎಲ್ಲವೂ ಸಂಬಳ ಮತ್ತು ನಿರ್ವಹಣೆಯ ಖರ್ಚಿನೊಂದಿಗೆ ಸುಮ್ಮನೆ ಕೂರುತ್ತವೆ. ಅಮೆರಿಕದಲ್ಲಿ ಅಧ್ಯಕ್ಷರಾದ ಕಾರ್ಟರ್ ಮತ್ತು ರೇಗನ್ ಅವರ ಕಾಲದಲ್ಲಿ ಜಾರಿಯಾದ ಸಾರಾಸಗಟು ನೇಮಕಾತಿ ತಡೆಗಳನ್ನು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 1982ರಲ್ಲಿ ಪರಿಶೀಲಿಸಿ, ಒಟ್ಟು ನೌಕರರ ಸಂಖ್ಯೆಯ ಮೇಲೆ ಅವುಗಳ ಪರಿಣಾಮ ಅಲ್ಪ, ಕಚೇರಿಗಳ ಕೆಲಸಕ್ಕೆ ಆದ ತೊಂದರೆಯೇ ಹೆಚ್ಚು, ಕೆಲವೆಡೆ ಖರ್ಚು ಏರಿಯೂ ಇತ್ತು ಎಂಬ ತೀರ್ಮಾನಕ್ಕೆ ಬಂದಿತು.

ಸಂಬಳ ಉಳಿಸಿ ಆದಾಯ ಕಳೆದುಕೊಂಡ ಉದಾಹರಣೆಯೂ ಆ ದೇಶದ್ದೇ. 2010ರಿಂದ 2018ರ ನಡುವೆ ಅಲ್ಲಿನ ಆದಾಯ ತೆರಿಗೆ ಇಲಾಖೆಯ ಅನುದಾನ, ಹಣದುಬ್ಬರ ಕಳೆದ ಲೆಕ್ಕದಲ್ಲಿ, ಶೇ. 20ರಷ್ಟು ಇಳಿಯಿತು, ನೌಕರರ ಸಂಖ್ಯೆ ಶೇ. 22ರಷ್ಟು ಕುಸಿಯಿತು. ದೊಡ್ಡ ಆದಾಯದವರ ಜಟಿಲ ಲೆಕ್ಕಗಳನ್ನು ಬಿಡಿಸಬಲ್ಲ ಅನುಭವಿಗಳು ಹೋದುದರಿಂದ ಆ ವರ್ಗದ ತಪಾಸಣೆಯೇ ವಿರಳವಾಯಿತು. ತಪಾಸಣೆ ಮತ್ತು ವಸೂಲಿಗೆ 10 ವರ್ಷಗಳಲ್ಲಿ 2,000 ಕೋಟಿ ಡಾಲರ್ ಹೆಚ್ಚಾಗಿ ಕೊಟ್ಟರೆ 6,100 ಕೋಟಿ ಡಾಲರ್ ಹೆಚ್ಚು ತೆರಿಗೆ ಬರುತ್ತದೆಂದು ಸಂಸತ್ತಿನ ಬಜೆಟ್ ಕಚೇರಿ 2020ರಲ್ಲಿ ಅಂದಾಜಿಸಿತು. ಮರುವರ್ಷ ಕೋವಿಡ್ ಪರಿಹಾರದ ಕೆಲಸವೂ ಹೆಗಲಿಗೇರಿದಾಗ ಆ ಇಲಾಖೆಗೆ ಬಂದ ಸುಮಾರು 28.2 ಕೋಟಿ ದೂರವಾಣಿ ಕರೆಗಳಲ್ಲಿ ಶೇ. 11ಕ್ಕೆ ಮಾತ್ರ ಸಿಬ್ಬಂದಿ ಉತ್ತರಿಸಿದರು. ಫೋನ್ ಹಿಡಿದು ಕಾದ ಜನರ ಸಮಯ ಯಾವ ಬಜೆಟ್ಟಿನಲ್ಲೂ ವೆಚ್ಚವೆಂದು ದಾಖಲಾಗುವುದಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಥೆ ಚಿಕ್ಕದು. 2010ರ ನಂತರದ ಮಿತವ್ಯಯದ ವರ್ಷಗಳಲ್ಲಿ ಅಲ್ಲಿ 20,000ಕ್ಕೂ ಹೆಚ್ಚು ಪೊಲೀಸ್ ಹುದ್ದೆಗಳು ಕಡಿಮೆಯಾದವು. 2019ರಲ್ಲಿ ಸರ್ಕಾರವೇ 20,000 ಪೊಲೀಸರನ್ನು ಹೊಸದಾಗಿ ನೇಮಿಸುವುದಾಗಿ ಘೋಷಿಸಿ, 2023ರ ಹೊತ್ತಿಗೆ ನೇಮಿಸಿತು. ತಲೆಲೆಕ್ಕ ಸರಿಹೋಯಿತು, ತನಿಖೆಯ ಅನುಭವ ತಲೆಲೆಕ್ಕದೊಂದಿಗೆ ಹಿಂದಿರುಗುವಂಥದ್ದಲ್ಲ.

ಸಿಬ್ಬಂದಿಯನ್ನು ಕಡಿಮೆ ಮಾಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಕೆನಡಾ 45,000 ಹುದ್ದೆಗಳನ್ನು ಕೈಬಿಡುವ ಯೋಜನೆಯನ್ನೇ ಮುಂದಿಟ್ಟಿತ್ತು. ಆದರೆ ಮೊದಲು ಕೆಲಸ ನಿಲ್ಲಬೇಕು, ಆಮೇಲೆ ಹುದ್ದೆ ಹೋಗಬೇಕು. ಬೇಡವಾದ ಅರ್ಜಿ ನಮೂನೆ, ಯಾರೂ ಓದದ ವರದಿ, ಒಂದೇ ದಾಖಲೆಯನ್ನು ನಾಲ್ಕು ಕಚೇರಿಗಳಲ್ಲಿ ಪರಿಶೀಲಿಸುವ ಪದ್ಧತಿ ಇವನ್ನು ರದ್ದುಗೊಳಿಸಿದ ನಂತರ ಅಲ್ಲಿದ್ದವರನ್ನು ಅಗತ್ಯವಿರುವ ಕಡೆಗೆ ವರ್ಗಾಯಿಸಬಹುದು. ಎಸ್ಟೋನಿಯಾದಲ್ಲಿ 2000ದ ದಶಕದ ಆರಂಭದಿಂದಲೂ ತೆರಿಗೆ ವಿವರ ಮೊದಲೇ ತುಂಬಿ ಬರುತ್ತದೆ, ನಾಗರಿಕ ನೋಡಿ ಒಪ್ಪಿದರೆ ಸಾಕು. ಅಲ್ಲಿ ಕಚೇರಿಯ ಕೆಲಸವೂ ಕಡಿಮೆಯಾಯಿತು, ನಾಗರಿಕನ ಸಮಯವೂ ಉಳಿಯಿತು.

ಪ್ರಶ್ನೆ: ನಮ್ಮ ಅನುದಾನವನ್ನು ಇಳಿಸಿಲ್ಲ, ಹಿಂದಿನಷ್ಟೇ ಇಟ್ಟಿದ್ದೇವೆ ಎಂದು ಸರ್ಕಾರ ಹೇಳಿದರೆ ಅದು ಕಡಿತವಲ್ಲ ತಾನೇ?
— ಗ್ರಂಥಾಲಯ ಸಮಿತಿಯೊಂದರ ಸದಸ್ಯರು

ಉತ್ತರ: ಅದು ಕಡಿತವೇ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರುತ್ತಿದ್ದರೆ, ಐದು ವರ್ಷ ಬದಲಾಗದೆ ನಿಂತ ಅನುದಾನದ ಕೊಳ್ಳುವ ಶಕ್ತಿ ಶೇ. 22ರಷ್ಟು ಕುಗ್ಗಿರುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಅರ್ಥಶಾಸ್ತ್ರಜ್ಞ ವಿಲಿಯಂ ಬಾಮಲ್ 1960ರ ದಶಕದಲ್ಲಿ ತೋರಿಸಿಕೊಟ್ಟಂತೆ, ಕಾರ್ಖಾನೆಯಲ್ಲಿ ಯಂತ್ರಗಳ ನೆರವಿನಿಂದ ಒಬ್ಬನ ಉತ್ಪಾದನೆ ವರ್ಷದಿಂದ ವರ್ಷಕ್ಕೆ ಏರುತ್ತದೆ, ಕೂಲಿಯೂ ಏರುತ್ತದೆ. ಮಗುವಿಗೆ ಓದು ಕಲಿಸಲು, ವೃದ್ಧರನ್ನು ನೋಡಿಕೊಳ್ಳಲು ಹಿಂದೆ ಎಷ್ಟು ಹೊತ್ತು ಬೇಕಿತ್ತೋ ಇಂದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಆದರೂ ಆ ಶಿಕ್ಷಕಿ, ಆ ದಾದಿ ಕೆಲಸ ಬಿಟ್ಟು ಹೋಗದಿರಬೇಕಾದರೆ ಅವರ ಸಂಬಳವೂ ಉಳಿದವರೊಂದಿಗೆ ಏರಲೇಬೇಕು. ಸೇವೆಯ ವೆಚ್ಚ ಏರಿದ ಮಾತ್ರಕ್ಕೆ ಅಲ್ಲಿ ದುಂದುವೆಚ್ಚ ನಡೆದಿದೆ ಎಂದು ತೀರ್ಮಾನಿಸುವುದು ತಪ್ಪು. ನಿಮ್ಮ ಗ್ರಂಥಾಲಯದ ಮಟ್ಟಿಗೆ ಹೇಳುವುದಾದರೆ, ಐದು ವರ್ಷಗಳ ಹಿಂದೆ ಎಷ್ಟು ಪುಸ್ತಕ ಕೊಂಡಿದ್ದಿರಿ, ಈಗ ಎಷ್ಟು ಕೊಳ್ಳುತ್ತಿದ್ದೀರಿ ಎಂಬ ಪಟ್ಟಿಯನ್ನು ಮುಂದಿಡಿ. ಮೊತ್ತಕ್ಕಿಂತ ಅದು ನಿಚ್ಚಳವಾಗಿ ಮಾತನಾಡುತ್ತದೆ.

ಪ್ರಶ್ನೆ: ಕಡಿತದ ಹಾನಿ ಆದ ಮೇಲಷ್ಟೇ ತಿಳಿಯುತ್ತದೆ ಎನ್ನುತ್ತಾರೆ. ಮೊದಲೇ ಗುರುತಿಸಲು ಸಾಧ್ಯವಿಲ್ಲವೇ?
— ಸಾರ್ವಜನಿಕ ಆರೋಗ್ಯ ಕ್ಷೇತ್ರದ ಕಾರ್ಯಕರ್ತೆ

ಉತ್ತರ: ಬಹಳಷ್ಟು ಸಲ ಸಾಧ್ಯವಿರುತ್ತದೆ, ಗುರುತಿಸಿದವರ ಮಾತನ್ನು ಕೇಳುವವರು ಇರುವುದಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ನಡೆದದ್ದನ್ನು ನೀವು ಬಲ್ಲಿರಿ, ಬೇರೆ ಓದುಗರಿಗಾಗಿ ಅದನ್ನು ವಿವರಿಸುತ್ತೇನೆ. ಸಾಲದಲ್ಲಿ ಮುಳುಗಿದ್ದ ಆ ನಗರದ ಆಡಳಿತವನ್ನು ರಾಜ್ಯ ಸರ್ಕಾರ ತಾನು ನೇಮಿಸಿದ ತುರ್ತು ಆಡಳಿತಾಧಿಕಾರಿಯ ಕೈಗೆ ಕೊಟ್ಟಿತ್ತು. ಡೆಟ್ರಾಯ್ಟ್ ನಗರದಿಂದ ಕೊಳ್ಳುತ್ತಿದ್ದ ನೀರನ್ನು ನಿಲ್ಲಿಸಿ, ಹೊಸ ಕೊಳವೆ ಮಾರ್ಗ ಸಿದ್ಧವಾಗುವವರೆಗೆ ಸ್ಥಳೀಯ ಫ್ಲಿಂಟ್ ನದಿಯ ನೀರನ್ನೇ ಬಳಸಿದರೆ ಎರಡು ವರ್ಷಗಳಲ್ಲಿ ಸುಮಾರು 50 ಲಕ್ಷ ಡಾಲರ್ ಉಳಿಯುತ್ತದೆಂದು ಲೆಕ್ಕ ಹಾಕಲಾಯಿತು. 2014ರ ಏಪ್ರಿಲ್‌ನಲ್ಲಿ ಬದಲಾವಣೆ ಜಾರಿಯಾಯಿತು. ನದಿಯ ನೀರು ಕೊಳವೆಗಳನ್ನು ಹೆಚ್ಚು ಸವೆಸುವಂಥದ್ದು. ಸವೆತ ತಡೆಯಲು ಬೆರೆಸಬೇಕಾಗಿದ್ದ ರಾಸಾಯನಿಕವನ್ನು ಬೆರೆಸಲಿಲ್ಲ. ಮನೆಗಳಿಗೆ ನೀರು ತರುವ ಹಳೆಯ ಸೀಸದ ಕೊಳವೆಗಳಿಂದ ಸೀಸ ಕರಗಿ ಕುಡಿಯುವ ನೀರಿಗೆ ಸೇರತೊಡಗಿತು.

ನೀರಿನ ಬಣ್ಣ ಮತ್ತು ವಾಸನೆಯ ಬಗ್ಗೆ ನಿವಾಸಿಗಳು ಮೊದಲ ವಾರಗಳಿಂದಲೇ ದೂರಿದರು. ಆರೇ ತಿಂಗಳಲ್ಲಿ, 2014ರ ಅಕ್ಟೋಬರ್‌ನಲ್ಲಿ, ಅಲ್ಲಿನ ಜನರಲ್ ಮೋಟರ್ಸ್ ಎಂಜಿನ್ ಕಾರ್ಖಾನೆ ಈ ನೀರಿನಿಂದ ಯಂತ್ರಭಾಗಗಳಿಗೆ ತುಕ್ಕು ಹಿಡಿಯುತ್ತಿದೆ ಎಂದು ಅದರ ಬಳಕೆಯನ್ನೇ ನಿಲ್ಲಿಸಿತು. ಲೋಹಕ್ಕೆ ಬೇಡವಾದ ನೀರನ್ನು ಮಕ್ಕಳು ಇನ್ನೂ ಒಂದು ವರ್ಷ ಕುಡಿದರು. 2015ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟಿಶಾ ಅವರು ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಏರಿರುವುದನ್ನು ಬಹಿರಂಗಪಡಿಸಿದ ನಂತರ, ಅಕ್ಟೋಬರ್‌ನಲ್ಲಿ ನಗರ ಮತ್ತೆ ಡೆಟ್ರಾಯ್ಟ್‌ನ ನೀರಿಗೆ ಮರಳಿತು. ಅದೇ ಅವಧಿಯಲ್ಲಿ ಹರಡಿದ ಲೀಜಿಯನೇರ್ಸ್ ಎಂಬ ಶ್ವಾಸಕೋಶದ ಕಾಯಿಲೆಯಿಂದ ಕನಿಷ್ಠ 12 ಮಂದಿ ಸತ್ತರು. ಸಂತ್ರಸ್ತರಿಗೆ ಪರಿಹಾರವಾಗಿ 2021ರಲ್ಲಿ ನ್ಯಾಯಾಲಯ ಒಪ್ಪಿದ ಮೊತ್ತವೇ ಸುಮಾರು 62.6 ಕೋಟಿ ಡಾಲರ್. ಉಳಿಸಲು ಹೊರಟ ಹಣದ ನೂರು ಪಟ್ಟಿಗಿಂತ ಹೆಚ್ಚು. ಕೊಳವೆಗಳನ್ನು ಕಿತ್ತು ಬದಲಿಸಿದ ಖರ್ಚು ಇದರ ಹೊರಗಿದೆ, ಸೀಸದಿಂದ ಮಗುವಿನ ಮಿದುಳಿಗೆ ಆಗುವ ಹಾನಿಗೆ ಬೆಲೆ ಕಟ್ಟಲಾಗದು.

ಇಲ್ಲಿ ತಪ್ಪಿದ್ದು ನೀರಿನ ಮೂಲವನ್ನು ಬದಲಿಸುವ ವಿಚಾರವಷ್ಟೇ ಅಲ್ಲ. ಉಳಿತಾಯವನ್ನು ಲೆಕ್ಕ ಹಾಕಿದವರು ಒಬ್ಬರು, ಅಪಾಯವನ್ನು ಹೊತ್ತವರು ಇನ್ನೊಬ್ಬರು, ತೀರ್ಮಾನ ಮಾಡಿದವರನ್ನು ಆ ನಗರದ ಜನ ಆರಿಸಿರಲಿಲ್ಲ. ಪರೀಕ್ಷೆ, ತಪಾಸಣೆ, ದುರಸ್ತಿ ಇವುಗಳಲ್ಲಿ ಮಾಡಿದ ಕಡಿತ ತಕ್ಷಣ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಇಂಥ ಬಾಬ್ತುಗಳಿಗೆ ಕೈಹಾಕುವ ಮೊದಲು ಆ ಕೆಲಸ ಬಲ್ಲ ತಾಂತ್ರಿಕ ಅಧಿಕಾರಿಯ ಅಭಿಪ್ರಾಯವನ್ನು ಲಿಖಿತವಾಗಿ ಪಡೆದು ಪ್ರಕಟಿಸುವುದು ಕಡ್ಡಾಯವಾಗಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಬ್ರಿಟನ್ನಿನಲ್ಲಿ 2023ರ ಆಗಸ್ಟ್ ಕೊನೆಯ ದಿನ, ಶಾಲೆ ತೆರೆಯಲು ಕೆಲವೇ ದಿನಗಳಿದ್ದಾಗ, ಹಳೆಯ ಹಗುರ ಕಾಂಕ್ರೀಟಿನ ಕಟ್ಟಡಗಳು ಕುಸಿಯುವ ಭಯದಿಂದ ನೂರಕ್ಕೂ ಹೆಚ್ಚು ಶಾಲೆಗಳಿಗೆ ಕೊಠಡಿಗಳನ್ನು ಮುಚ್ಚುವಂತೆ ಸೂಚಿಸಬೇಕಾಯಿತು. ಶಾಲಾ ಕಟ್ಟಡಗಳ ಪುನರ್ನಿರ್ಮಾಣದ ದೊಡ್ಡ ಯೋಜನೆಯೊಂದನ್ನು ಅಲ್ಲಿ 2010ರಲ್ಲಿ ರದ್ದುಗೊಳಿಸಲಾಗಿತ್ತು.

ಪ್ರಶ್ನೆ: ಸಬ್ಸಿಡಿಗಳನ್ನು ಇಳಿಸುವುದು ಸೇವೆಯ ಕಡಿತವಾಗುತ್ತದೆಯೇ?
— ಪದವಿ ವಿದ್ಯಾರ್ಥಿ

ಉತ್ತರ: ಅದು ಯಾರಿಗೆ ತಲುಪುತ್ತಿದೆ ಎಂಬುದರ ಮೇಲಿದೆ. ಇಂಧನ ಸಬ್ಸಿಡಿಯ ಹೆಚ್ಚಿನ ಪಾಲು ಹೆಚ್ಚು ಇಂಧನ ಸುಡುವವರಿಗೇ, ಅಂದರೆ ಉಳ್ಳವರಿಗೇ ಹೋಗುತ್ತದೆ. ಇಂಡೊನೇಷ್ಯಾ 2015ರ ಜನವರಿಯಲ್ಲಿ ಪೆಟ್ರೋಲ್ ಸಬ್ಸಿಡಿಯನ್ನು ತೆಗೆದು, ಡೀಸೆಲ್ ಸಬ್ಸಿಡಿಗೆ ಲೀಟರಿಗೆ ಇಷ್ಟೇ ಎಂಬ ಮಿತಿ ಹಾಕಿ, ಉಳಿದ ಹಣವನ್ನು ಮೂಲಸೌಕರ್ಯಕ್ಕೂ ಕಲ್ಯಾಣ ಯೋಜನೆಗಳಿಗೂ ತಿರುಗಿಸಿತು. ಜಗತ್ತಿನ ತೈಲ ಬೆಲೆ ಆಗಷ್ಟೇ ಕುಸಿದಿದ್ದರಿಂದ ಜನರಿಗೆ ಪೆಟ್ಟು ತಟ್ಟಲಿಲ್ಲ. ಅದೇ ದೇಶದಲ್ಲಿ 1998ರ ಮೇ ತಿಂಗಳಲ್ಲಿ, ಆರ್ಥಿಕ ಬಿಕ್ಕಟ್ಟಿನ ನಡುವೆಯೇ ಇಂಧನ ಬೆಲೆ ಏರಿಸಿದಾಗ ಗಲಭೆಗಳು ಭುಗಿಲೆದ್ದು, ಅದೇ ತಿಂಗಳು ಅಧ್ಯಕ್ಷ ಸುಹಾರ್ತೊ ಅವರ ಆಡಳಿತವೇ ಕೊನೆಗೊಂಡಿತು. ಹೊತ್ತು ನೋಡಿ ಕೈಹಾಕುವುದು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಪ್ರಶ್ನೆ: ಆರ್ಥಿಕ ಹಿಂಜರಿತದ ಕಾಲದಲ್ಲಿಯೇ ಸರ್ಕಾರದ ಆದಾಯ ಇಳಿಯುವುದರಿಂದ, ಖರ್ಚು ಇಳಿಸಲು ಅದೇ ಸರಿಯಾದ ಸಮಯವಲ್ಲವೇ?
— ಸಣ್ಣ ಉದ್ದಿಮೆದಾರರು

ಉತ್ತರ: ಒಂದು ಕುಟುಂಬಕ್ಕೆ ಅದು ಸರಿ, ಇಡೀ ದೇಶಕ್ಕೆ ಅಲ್ಲ. ಸರ್ಕಾರದ ಖರ್ಚು ನಿಮ್ಮಂಥವರ ವ್ಯಾಪಾರ, ನಿಮ್ಮ ಗ್ರಾಹಕರ ಸಂಬಳ. ಯುರೋಪಿನ ಬಿಕ್ಕಟ್ಟಿನ ವರ್ಷಗಳ ಮುನ್ನಂದಾಜುಗಳು ಸರ್ಕಾರದ ಒಂದು ರೂಪಾಯಿ ಕಡಿತದಿಂದ ಉತ್ಪಾದನೆ ಸುಮಾರು ಅರ್ಧ ರೂಪಾಯಿ ಇಳಿಯುತ್ತದೆಂದು ಭಾವಿಸಿದ್ದವು. ವಾಸ್ತವದಲ್ಲಿ ಇಳಿಕೆ 0.9ರಿಂದ 1.7 ರೂಪಾಯಿಯ ನಡುವೆ ಇದ್ದಿರಬಹುದೆಂದು ಅಂತರರಾಷ್ಟ್ರೀಯ ಹಣಕಾಸು ನಿಧಿಯೇ 2012ರಲ್ಲಿ ಒಪ್ಪಿಕೊಂಡಿತು. ಹಿಂಜರಿತದಲ್ಲಿ ಕಡಿತದ ಯೋಜನೆಯನ್ನು ಸಿದ್ಧಪಡಿಸಿ ಘೋಷಿಸಬಹುದು, ಜಾರಿ ಮಾತ್ರ ಆರ್ಥಿಕತೆ ಚೇತರಿಸಿಕೊಂಡ ಮೇಲೆ ಆಗಬೇಕು. ಸಾಲ ಕೊಡುವವರೇ ಇಲ್ಲದ ಸ್ಥಿತಿ ತಲುಪಿದ ದೇಶಕ್ಕೆ ಈ ಆಯ್ಕೆ ಇರುವುದಿಲ್ಲ.

ಪ್ರಶ್ನೆ: ಕಡಿತದ ಘೋಷಣೆ ಬಂದಾಗ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನಮ್ಮಂಥ ಸಾಮಾನ್ಯರು ಹೇಗೆ ತಿಳಿಯಬೇಕು?
— ಗೃಹಿಣಿಯೊಬ್ಬರು

ಉತ್ತರ: ಘೋಷಣೆಯಲ್ಲಿ ಕೇವಲ ಮೊತ್ತವಿದ್ದು, ಯಾವ ಕೆಲಸ ನಿಲ್ಲುತ್ತದೆ ಎಂಬ ಮಾತಿಲ್ಲದಿದ್ದರೆ ಅನುಮಾನಪಡಿ. ಯಾವ ಕಚೇರಿ, ಯಾವ ಯೋಜನೆ, ಯಾವ ಖರೀದಿ ಎಂದು ಹೆಸರಿಸಿ ಹೇಳುವ ಸರ್ಕಾರಕ್ಕೆ ಟೀಕೆ ಹೆಚ್ಚು ಬರುತ್ತದೆ, ಆದರೆ ಅದು ಯೋಚಿಸಿದೆ ಎಂಬುದಕ್ಕೆ ಆ ಹೆಸರುಗಳೇ ಸಾಕ್ಷಿ. ಖರ್ಚನ್ನು ಬಜೆಟ್ಟಿನ ಹೊರಗೆ ಸರಿಸಿದ್ದಾರೆಯೇ ಎಂಬುದನ್ನೂ ವಿಚಾರಿಸಿ. ಖಾಸಗಿ ಕಂಪನಿ ಶಾಲೆ ಕಟ್ಟಿಕೊಟ್ಟು ಸರ್ಕಾರ ದಶಕಗಳ ಕಾಲ ಕಂತು ಕಟ್ಟುವ ಪದ್ಧತಿ ಬ್ರಿಟನ್ನಿನಲ್ಲಿತ್ತು. ಹಾಗೆ ಕಟ್ಟಿದ ಒಂದು ಗುಂಪಿನ ಶಾಲೆಗಳಿಗೆ ಸರ್ಕಾರವೇ ಸಾಲ ಮಾಡಿ ಕಟ್ಟಿದ್ದಕ್ಕಿಂತ ಸುಮಾರು ಶೇ. 40ರಷ್ಟು ಹೆಚ್ಚು ಖರ್ಚಾಗಿದೆಯೆಂದು ಅಲ್ಲಿನ ಲೆಕ್ಕಪರಿಶೋಧಕರು 2018ರಲ್ಲಿ ತೋರಿಸಿದರು, ಅದೇ ವರ್ಷ ಹೊಸ ಒಪ್ಪಂದಗಳನ್ನು ಮಾಡುವುದನ್ನು ಸರ್ಕಾರ ನಿಲ್ಲಿಸಿತು.

ಖರ್ಚು ತಾನಾಗಿಯೇ ಇಳಿಯುವಂತೆ ಮಾಡುವ ಖರ್ಚುಗಳೂ ಇವೆ, ಅವನ್ನು ಕಾಯುವುದು ನಾಗರಿಕರ ಕೈಯಲ್ಲಿದೆ. 1967ರಲ್ಲಿ ತೀವ್ರಗೊಂಡ ಸಿಡುಬು ನಿರ್ಮೂಲನ ಕಾರ್ಯಕ್ರಮಕ್ಕೆ ಜಗತ್ತಿನಾದ್ಯಂತ ಸುಮಾರು 30 ಕೋಟಿ ಡಾಲರ್ ವೆಚ್ಚವಾಯಿತು. 1980ರಲ್ಲಿ ರೋಗ ನಿರ್ಮೂಲವಾಯಿತೆಂದು ಘೋಷಣೆಯಾದ ಮೇಲೆ ಲಸಿಕೆ, ಚಿಕಿತ್ಸೆ, ಗಡಿ ತಪಾಸಣೆ ಯಾವುದೂ ಬೇಕಾಗದೆ ವರ್ಷಕ್ಕೆ 100 ಕೋಟಿ ಡಾಲರ್‌ಗೂ ಹೆಚ್ಚು ಉಳಿಯುತ್ತಿದೆಯೆಂದು ಅಂದಾಜಿದೆ. ಕಾರ್ಯಕ್ರಮದ ನಡುವೆ, ರೋಗಿಗಳ ಸಂಖ್ಯೆ ಇಳಿಯಿತೆಂಬ ಕಾರಣಕ್ಕೆ ಅದರ ಹಣವನ್ನು ಕತ್ತರಿಸಿದ್ದರೆ ಈ ಉಳಿತಾಯ ಇರುತ್ತಿರಲಿಲ್ಲ.

ಕೊನೆಯದಾಗಿ, ನಿಮಗೆ ನೇರವಾಗಿ ಗೊತ್ತಿರುವ ಸೇವೆಯೊಂದನ್ನು ಆರಿಸಿಕೊಳ್ಳಿ. ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣಲು ಹಿಡಿಯುವ ದಿನಗಳು, ತರಗತಿಯೊಂದರಲ್ಲಿರುವ ಮಕ್ಕಳ ಸಂಖ್ಯೆ, ಪ್ರಮಾಣಪತ್ರಕ್ಕೆ ಕಚೇರಿ ಅಲೆಯಬೇಕಾದ ಸಲ, ಔಷಧವನ್ನು ಹೊರಗಿನಿಂದ ತರಲು ಬರೆದುಕೊಟ್ಟ ಚೀಟಿಗಳು, ಇವನ್ನು ಕಡಿತದ ಮೊದಲು ಒಮ್ಮೆ, ವರ್ಷ ಕಳೆದ ಮೇಲೆ ಒಮ್ಮೆ ಬರೆದಿಡಿ. ನಿಮ್ಮ ಪ್ರತಿನಿಧಿ ಮತ ಕೇಳಲು ಬಂದಾಗ ಉಳಿತಾಯದ ಮೊತ್ತವನ್ನು ಅವರು ಹೇಳಲಿ, ಈ ಎರಡು ಸಾಲು ಅಂಕಿಗಳನ್ನು ನೀವು ಅವರ ಮುಂದಿಟ್ಟು ವಿವರಣೆ ಕೇಳಿ.